ಕಾಲಿಡೋಕೆ ಜಾಗ ಕೇಳಿದ ಸೊಪ್ಪು

ಲೋಡ್ ಸೈಕಲ್ ಮಾರುವ ಅಂಗಡಿಯಲ್ಲಿ ತಮಾಷೆಗೆ ರಜೆ ಅನ್ನುವುದೇ ಇರುವುದಿಲ್ಲ. ಮಕ್ಕಳ ಸೈಕಲ್ ಕೊಳ್ಳುವವರು ಬಣ್ಣ ನೋಡುತ್ತಾರೆ, ಕಾಲೇಜು ಹುಡುಗರು ಗೇರು ತಿರುಗಿಸಿ ನೋಡುತ್ತಾರೆ, ತಗೊಂಡು ಹೋಗುತ್ತಾರೆ, ಮುಗಿಯಿತು. ಆದರೆ ಮಳೆ, ಬಿಸಿಲು ಅನ್ನದೆ ವರ್ಷವಿಡೀ ಭಾರ ಹೊರಿಸುವುದಕ್ಕೆ ಗಟ್ಟಿ ಸೈಕಲ್ ಬೇಕು ಎಂದು ಬರುವವರಿದ್ದಾರಲ್ಲ, ಅವರು ಮಗಳಿಗೆ ಗಂಡು ನೋಡುವವರ ಹಾಗೆ ಬರುತ್ತಾರೆ. ಹಿಂದೆ ನೋಡುತ್ತಾರೆ, ಮುಂದೆ ನೋಡುತ್ತಾರೆ, ಚಕ್ರ ತಿರುಗಿಸುತ್ತಾರೆ, ಕುಲಗೋತ್ರ ಒಂದು ಬಿಟ್ಟು ಮಿಕ್ಕಿದ್ದೆಲ್ಲ ವಿಚಾರಿಸುತ್ತಾರೆ. ಕೊನೆಗೆ "ಮನೇಲಿ ಮಾತಾಡ್ಕಂಡು ಬತ್ತೀವಿ" ಎಂದು ಎದ್ದು ಹೋಗಿಬಿಡುತ್ತಾರೆ.

ಅಂಗಡಿ ಕೊಳ್ಳೇಗಾಲದಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗಿದೆ. ನಮ್ಮಪ್ಪ ಇಟ್ಟ ಅಂಗಡಿ. ಅವರು ಹೋದ ಮೇಲೆ ನಾನೇ ಕೂತಿದ್ದೇನೆ. ಡಬಲ್ ಬಾರಿನ, ದಪ್ಪ ಕಡ್ಡಿಯ ಹಳೇ ಮಾದರಿ ಸೈಕಲ್ ಇಡುವವರು ಈಗ ಕಡಿಮೆಯಾದ್ದರಿಂದ ಹನೂರಿನ ಕಡೆಯಿಂದಲೂ ಯಳಂದೂರಿನ ಕಡೆಯಿಂದಲೂ ಹುಡುಕಿಕೊಂಡು ಬರುತ್ತಾರೆ. ನನ್ನ ನಾಲಿಗೆ ಸ್ವಲ್ಪ ಖಾರ ಎಂದು ಊರಲ್ಲಿ ಮಾತಿದೆ. ಇರಲಿ ಬಿಡಿ. ಈ ಗಲ್ಲಾ ಮುಂದೆ ಹೆಂಗಸಾಗಿ ಕೂತು ನೋಡಿದರೆ ಅವರಿಗೂ ಗೊತ್ತಾಗುತ್ತದೆ.

ಗಂಡಸರನ್ನು ಕರೆ

ಅಜ್ಜೀಪುರದಿಂದ ಒಬ್ಬ ಯಜಮಾನರು ಬಂದರು. ರಾಗಿ ಮೂಟೆಯನ್ನು ಮಿಲ್ಲಿಗೆ ಸಾಗಿಸುವುದಕ್ಕೆ ಸೈಕಲ್ ಬೇಕಂತೆ. ನಾನು ಎದ್ದು ಬಂದು ಸೈಕಲ್ ಹೊರಗೆಳೆದೆ. ಅವರು ಸೈಕಲನ್ನು ನೋಡಲಿಲ್ಲ. ನನ್ನ ಹಿಂದೆ ಯಾರಾದರೂ ಇದ್ದಾರಾ ಎಂದು ನೋಡಿದರು.

"ಅಂಗಡೀಲಿ ಗಂಡಸ್ರಿಲ್ವಾ ತಾಯಿ?"

"ಯಾಕೆ ಯಜಮಾನ್ರೇ?"

"ಏನಿಲ್ಲ, ಲೋಡ್ ಸೈಕಲ್ ಇಚಾರ ನೋಡು. ಗಂಡಸ್ರತ್ರ ಮಾತಾಡಿದ್ರೆ ವಾಸಿ."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಮ್ಮ ಮನೆ ಅಂಗಡಿಯ ಹಿಂದೆಯೇ. ನನ್ನ ಗಂಡ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್, ಅವತ್ತು ರಜೆಯಲ್ಲಿ ಊಟ ಮಾಡಿ ಮಲಗಿದ್ದರು. "ರೀ, ಬನ್ನಿ, ಗಂಡಸ್ರು ಬೇಕಂತೆ" ಎಂದು ಕೂಗಿದೆ. ಪಾಪ, ಏನೋ ಜಗಳ ಎಂದುಕೊಂಡು ಅವರು ಲುಂಗಿ ಬಿಗಿದುಕೊಂಡೇ ಓಡಿ ಬಂದರು.

ಯಜಮಾನರ ಮುಖ ಅರಳಿತು. "ಸಾ, ಎರಡು ಮೂಟೆ ಆಕಂಡು ತುಳುದ್ರೆ ಇಂದ್ಲು ಚಕ್ರ ತಡೀತದಾ?"

ನನ್ನ ಗಂಡ ಚಕ್ರವನ್ನು ನೋಡಿದರು, ನನ್ನನ್ನು ನೋಡಿದರು. "ನನಗೆ ಸೈಕಲ್ ಹೊಡೆಯೋಕೇ ಬರಲ್ಲ ಯಜಮಾನ್ರೇ. ಬಸ್ಸಾದ್ರೆ ಹೇಳ್ತೀನಿ. ಎಷ್ಟು ಮೂಟೆ ಇದ್ರೂ ಟಾಪ್ ಮೇಲೆ ಹಾಕಿ, ಲಗೇಜ್ ಟಿಕೆಟ್ ತಗೊಳ್ಳಿ."

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. "ನೀನೇ ಏಳು ತಾಯಿ, ತಡೀತದಾ?"

ಸೊಪ್ಪಿನ ತಾತ

ನಮ್ಮ ಬೀದಿಗೆ ಸೊಪ್ಪು ತರುವುದು ಒಂದು ಮುದಿ ಜೋಡಿ. ತಾತ ಬುಟ್ಟಿ ಕಟ್ಟಿದ ಸೈಕಲ್ ತಳ್ಳಿಕೊಂಡು ಮುಂದೆ ಹೋಗುವುದು, ಅಜ್ಜಿ ಕೂಗುತ್ತ ಹಿಂದೆ ನಡೆದು ಬರುವುದು. ನಾನು ಲಂಗ ಹಾಕುತ್ತಿದ್ದ ಕಾಲದಿಂದಲೂ ಹೀಗೆಯೇ. ತಾತನ ದನಿ ಎಷ್ಟು ಮೆತ್ತಗೆಂದರೆ ಎದುರಿಗೆ ನಿಂತವರೂ "ಏನಂದ್ರಿ?" ಅನ್ನಬೇಕು. ಅಜ್ಜಿಯದು ಅದಕ್ಕೆ ಸರಿಯಾಗಿ ಉಲ್ಟಾ. "ದಂಟೂ... ಕೀರೇ... ಸಬ್ಸಿಗೇ... ಬೆರಕೆ ಸೊಪ್ಪೋ..." ಎಂದು ಅವಳು ಎಳೆದಳೆಂದರೆ ಎರಡು ಬೀದಿ ಆಚೆ ಒಲೆ ಮುಂದೆ ಇದ್ದವರೂ ಮೊರ ಹಿಡಿದುಕೊಂಡು ಹೊರಗೆ ಬರುತ್ತಾರೆ.

ಈ ಮಳೆಗಾಲಕ್ಕೆ ಮೊದಲು ಅಜ್ಜಿಯ ಮೊಣಕಾಲು ಕೈಕೊಟ್ಟಿತು. ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಹಿಡಿಯಬೇಕು. ತಾತ ಒಬ್ಬನೇ ಬರತೊಡಗಿದ. ಬೀದಿಯ ತುದಿಯಲ್ಲಿ ನಿಂತು "ಸೊಪ್ಪು" ಅನ್ನುತ್ತಿದ್ದ. ಅದು ಅವನ ಸೈಕಲಿಗೆ ಕೇಳಿಸುತ್ತಿತ್ತೋ ಇಲ್ಲವೋ. ಮಧ್ಯಾಹ್ನದ ಹೊತ್ತಿಗೆ ಬಾಡಿದ ಸೊಪ್ಪನ್ನು ಬುಟ್ಟಿಯಲ್ಲಿ ಹಾಗೇ ಇಟ್ಟುಕೊಂಡು ವಾಪಸ್ ಹೋಗುತ್ತಿದ್ದ. ಇನ್ನೊಂದಷ್ಟು ದಿನ ಹೀಗೇ ಆದರೆ ಸೊಪ್ಪಿನ ಕೆಲಸವೇ ನಿಂತುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ತಾತ ಅಂಗಡಿಗೆ ಬಂದು ಪಂಪಿನ ಪಕ್ಕ ನಿಂತ. "ಕೂಸೇ, ಒಂದು ಗಟ್ಟಿ ಸೈಕಲ್ ಬೇಕಿತ್ತು."

"ಲೋಡ್ ಏನು ತಾತ?"

"ಸೊಪ್ಪು ಕಣವ್ವ. ಇನ್ನೇನು."

"ಸೊಪ್ಪಿಗೆ ಇರೋ ಸೈಕಲ್ಲೇ ಸಾಕಲ್ಲ?"

"ಇಲ್ಲ ಕಣವ್ವ, ಗಟ್ಟಿದೇ ಬೇಕು. ಬುಟ್ಟಿ ಎಲ್ಲಾ ಮುಂದ್ಕ ಕಟ್ಟಂಗಿರ್ಲಿ. ಇಂದ್ಲು ಕ್ಯಾರಿಯರ್ ಅಗಲ ಇರ್ಬೇಕು. ಅದ್ರ ಮ್ಯಾಲೆ ಒಂದು ಮೆತ್ತೆ."

"ಸೊಪ್ಪಿಗೆ ಮೆತ್ತೆ ಯಾಕೆ ತಾತ?"

"ನಲುಗ್ತದಲ್ಲವ್ವ." ತಾತ ಪಂಪಿನ ಹಿಡಿಯನ್ನು ಮೇಲೆ ಕೆಳಗೆ ಮಾಡತೊಡಗಿದ. "ಆಮ್ಯಾಲೆ ಇಂದ್ಲು ಚಕ್ರಕ್ಕ ಜಾಲರಿ. ಎಣ್ಮಕ್ಕಳ ಸೈಕಲ್ಗ ಆಕ್ತಾರಲ್ಲ, ಸೀರೆ ಗೀರೆ ಸಿಕ್ಕಾಕಳದಂಗ."

"ಸೊಪ್ಪು ಸೀರೆ ಉಡ್ತದಾ?"

"ದಂಟು ಉದ್ದ ಇರ್ತದಲ್ಲವ್ವ, ಕಡ್ಡಿಗ ಸಿಕ್ಕಾಕತದ."

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದಾನೆ ಎಂದು ನನಗೆ ಅಷ್ಟರಲ್ಲಿ ಹೊಳೆದಿತ್ತು. "ಅಜ್ಜಿಗೆ ಹೇಳಿದ್ದೀಯಾ ತಾತ?" ಎಂದೆ. ಅವನು ಪಂಪು ಹೊಡೆಯುವುದನ್ನು ನಿಲ್ಲಿಸಿದ. "ಇಲ್ಲ ಕೂಸೇ. ಏಳುದ್ರ ಬ್ಯಾಡ ಅಂತಾಳ. ಸೈಕಲ್ ಬಂದ್ಮೇಲೆ ಏನಾರ ಮಾಡಾನ. ಅವ್ಳಿಲ್ದೆ ನನ್ ಕೈಲಿ ಆಗಕಿಲ್ಲ." ಹೊರಟವನು ಮತ್ತೆ ತಿರುಗಿ, ಇನ್ನೂ ಮೆತ್ತಗೆ, "ಎಡಗಡೆ ಅಚ್ಚಿಗ ಒಂದು ಕಬ್ಬಿಣದ ಕಡ್ಡಿ ಆಕ್ಸವ್ವ. ಕಾಲಿಡಕ್ಕ" ಅಂದ.

ನೀರು ಕೇಳುವ ಸೊಪ್ಪು ನೋಡಿದ್ದೆ, ಗೊಬ್ಬರ ಕೇಳುವ ಸೊಪ್ಪು ನೋಡಿದ್ದೆ. ಕಾಲಿಡೋಕೆ ಜಾಗ ಕೇಳುವ ಸೊಪ್ಪನ್ನು ಕಂಡಿದ್ದು ಅವತ್ತೇ ಮೊದಲು.

ಮೂಸಿ ನೋಡಿ ಕೊಂಡವರು

ತಾತನ ಸೈಕಲಿಗೆ ಜಾಲರಿ, ಮುಂದಿನ ಕ್ಯಾರಿಯರ್ ಎಲ್ಲ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬೇಕಾಗಿತ್ತು. ಆ ಕೆಲಸ ನಡೆಯುತ್ತಿರುವಾಗಲೇ ಮಧುವನಹಳ್ಳಿಯ ರೇಷ್ಮೆಯವರೊಬ್ಬರು ಬಂದರು. ತೋಟದಿಂದ ಹುಳದ ಮನೆಗೆ ದಿನವೂ ಹಿಪ್ಪುನೇರಳೆ ಸೊಪ್ಪು ಹೊರಬೇಕು, ಅದಕ್ಕೆ ಸೈಕಲ್. ಇವರು ಚಕ್ರ ತಿರುಗಿಸಲಿಲ್ಲ, ಬೆಲ್ಲು ಹೊಡೆಯಲಿಲ್ಲ. ಬಗ್ಗಿ ಕ್ಯಾರಿಯರನ್ನು ಮೂಸಿದರು. ಸೀಟು ಮೂಸಿದರು. ಚೈನಿನ ಎಣ್ಣೆ ಮೂಸಿ ಮುಖ ಕಿವಿಚಿದರು.

"ಇದು ಬ್ಯಾಡ. ಪೇಂಟ್ ವಾಸನೆ ಅದ. ಹುಳ ಈಗಷ್ಟೇ ಜ್ವರ ಬುಟ್ಟು ಎದ್ದವೆ, ಒಸಿ ವಾಸ್ನೆ ಬಡುದ್ರೂ ಮೇಯಕಿಲ್ಲ."

ಹುಳ ಪೊರೆ ಬಿಡುವುದಕ್ಕೆ ಮೊದಲು ಮಂಕಾಗಿ ಕೂರುವುದನ್ನು ರೇಷ್ಮೆಯವರು ಜ್ವರ ಅನ್ನುತ್ತಾರೆ. ಆಗ ಆ ಮನೆಯವರು ಮಾತಾಡುವುದೂ ಪಿಸುಮಾತಿನಲ್ಲೇ. ಅಂಗಡಿಗೆ ಬಂದು ಬಹಳ ದಿನವಾಗಿ ಪೇಂಟ್ ವಾಸನೆ ಹೋಗಿದ್ದ ಸೈಕಲೊಂದನ್ನು ನಾನು ಹಿಂದಿನ ಸಾಲಿನಿಂದ ಎಳೆದು ಕೊಟ್ಟೆ. ಮೂಸಿದರು, ತಲೆಯಾಡಿಸಿದರು, ಒಪ್ಪಿದರು. ಹೊಸ ಸೈಕಲ್ ಹೊರಡುವ ಮುಂಚೆ ಪೂಜೆ ಮಾಡಿ ಕಳಿಸುವುದು ನಮ್ಮ ಅಂಗಡಿಯ ಪದ್ಧತಿ. ಅರಿಶಿನ ಕುಂಕುಮ ಇಟ್ಟು, ಒಂದು ಅಗರಬತ್ತಿ ಹಚ್ಚಿದೆ ನೋಡಿ, ಆ ಮನುಷ್ಯ ನನ್ನ ಕೈಯಿಂದ ಕಿತ್ತುಕೊಂಡು ಪಂಚರ್ ನೋಡುವ ನೀರಿನ ತೊಟ್ಟಿಗೆ ಅದ್ದಿಬಿಟ್ಟರು!

"ಅಯ್ಯೋ, ದೇವ್ರಿಗೆ ಹಚ್ಚಿದ್ದು ಕಣ್ರೀ! ದೇವ್ರಿಗೆ ಕೋಪ ಬರಲ್ವಾ?"

ಅವರು ಸೈಕಲಿಗೆ ಹೊಗೆ ತಾಗದ ಹಾಗೆ ಟವಲ್ ಬೀಸುತ್ತ ಹೇಳಿದರು: "ದೇವ್ರಿಗ ಕೋಪ ಬಂದ್ರ ಬೆಟ್ಟಕ್ಕ ನಡ್ಕಂಡು ಬತ್ತೀನಿ ಅಂತ ಅರಕೆ ಕಟ್ಕಬೋದು. ಹುಳಕ್ಕ ಕೋಪ ಬಂದ್ರ ಯಾವ ಬೆಟ್ಟಕ್ಕವ್ವ ಓಗಾನ?"

ಇಳಿಜಾರಿಗೆ ಮಾತ್ರ

ಒಡೆಯರಪಾಳ್ಯದ ಟಿಬೆಟ್ ಕ್ಯಾಂಪಿನಿಂದ ಒಬ್ಬರು ಹಿರಿಯರು ಬಂದರು. ಮುಖ ನೋಡಿ ನಾನು ಟೀವಿಯಲ್ಲಿ ಕಲಿತ ಹಿಂದಿಯನ್ನೆಲ್ಲ ಒಟ್ಟುಮಾಡಿಕೊಂಡೆ. "ಯೇ ಸೈಕಲ್ ಬಹುತ್ ಮಜಬೂತ್" ಅಂದೆ. ಮುಂದಕ್ಕೆ ಮಾತು ಸಿಗದೆ ಕ್ಯಾರಿಯರ್ ಮೇಲೆ ಗುದ್ದಿ ತೋರಿಸಿದೆ. ಮೂಟೆ ಹೊತ್ತ ಹಾಗೆ ಬೆನ್ನು ಬಗ್ಗಿಸಿಯೂ ತೋರಿಸಿದೆ. ಅವರು ತಾಳ್ಮೆಯಿಂದ ಎಲ್ಲವನ್ನೂ ನೋಡಿದರು.

"ಅಕ್ಕಾ, ನಾನು ಉಟ್ಟಿದ್ದೇ ಒಡೆಯರಪಾಳ್ಯದಲ್ಲಿ. ಸುಮ್ನ ಕನ್ನಡದಲ್ಲೇ ಸುಳ್ಳೇಳು" ಅಂದರು.

ನಾಲಿಗೆ ಕಚ್ಚಿಕೊಂಡೆ. ಮೇಲಿನ ಹೊಲದ ಜೋಳವನ್ನು ಕೆಳಗಿನ ಸಂತೆಗೆ ಸಾಗಿಸಬೇಕಂತೆ. ನನ್ನ ಗಂಡನ ಬಸ್ಸು ಓಡುವುದೂ ಅದೇ ಬೆಟ್ಟದ ದಾರಿಯಲ್ಲಿ, ಏರು ಜಾಸ್ತಿ ಎಂದುಕೊಂಡು ಗೇರಿನ ಸೈಕಲ್ ತೋರಿಸಹೋದೆ. ಅವರು ಅದರ ಕಡೆ ಕಣ್ಣೇ ಹಾಯಿಸಲಿಲ್ಲ. ಹಳೇ ಮಾದರಿಯದನ್ನೇ ಹಿಡಿದು, ಬ್ರೇಕ್ ಅದುಮಿ, ಮೈಭಾರ ಹಾಕಿ ತಳ್ಳಿ, ಮತ್ತೆ ಬ್ರೇಕ್ ಅದುಮಿ, ಅಂಗಡಿ ಮುಂದೆ ಅದೊಂದನ್ನೇ ಮಾಡುತ್ತಿದ್ದರು.

"ಏರು ಹತ್ತುವಾಗ ಏನ್ ಮಾಡ್ತೀರಿ?" ಎಂದೆ ನಾನು, ಸೋಲೊಪ್ಪದೆ.

"ಏರಕ್ಕ ನಿಮ್ಮನೆಯವ್ರ ಬಸ್ಸಿಲ್ವಾ ಅಕ್ಕಾ? ಸೈಕಲ್ ಟಾಪ್ ಮ್ಯಾಲೆ, ನಾನು ಒಳಗ."

ಡಬ್ಬದೊಳಗಿನ ಅಜ್ಜಿ

ಅಷ್ಟರಲ್ಲಿ ಸೊಪ್ಪಿನ ತಾತನ ಸಂಕಟ ಇಡೀ ಬೀದಿಯ ಸಂಕಟವಾಗಿತ್ತು. ಆಟೋದಲ್ಲಿ ಈರುಳ್ಳಿ ಮಾರುವವನೊಬ್ಬನಿದ್ದಾನೆ. ಅವನು ತನ್ನ ಹಳೇ ಸ್ಪೀಕರ್ ಡಬ್ಬ ತಂದುಕೊಟ್ಟು, "ಅಜ್ಜಿ ಕೂಗ್ನ ಇದರೊಳಕ್ಕ ತುಂಬ್ಸು ತಾತ, ಬಟನ್ ಒತ್ತುದ್ರ ದಿನವೆಲ್ಲಾ ಕೂಗ್ತದ" ಎಂದ. ನಮ್ಮ ಅಂಗಡಿ ಮುಂದೆಯೇ ರೆಕಾರ್ಡಿಂಗ್. ಅಜ್ಜಿಯನ್ನು ಆಟೋದಲ್ಲಿ ಕರೆತಂದು ಸ್ಟೂಲಿನ ಮೇಲೆ ಕೂರಿಸಿದೆವು. ಆ ಹೊತ್ತಿಗೆ ಹೊಸ ಸೈಕಲ್ ಇನ್ನೂ ವೆಲ್ಡಿಂಗಿನಿಂದ ಬಂದಿರಲಿಲ್ಲ, ಅದರ ಸುದ್ದಿಯೂ ಅಜ್ಜಿಗಿರಲಿಲ್ಲ.

ಬಟನ್ ಒತ್ತಿದರೆ ಅಜ್ಜಿಯ ಬಾಯಿ ಕಟ್ಟಿಹೋಯಿತು. ನೆರೆಮನೆಯವರ ಹತ್ತಿರ ಮಾತಾಡುವ ಹಾಗೆ, "ಸೊಪ್ಪು ಅದ" ಅಂದಳು, ಅಷ್ಟೆ. "ಕೂಗಜ್ಜಿ" ಎಂದರೆ, "ಕುಂತ್ಕಂಡು ಯಂಗ್ ಕೂಗದು? ಮುಂದ ಸೈಕಲ್ ಓಯ್ತಾ ಇದ್ರ ಕೂಗು ಬತ್ತದ" ಅಂದಳು. ಸರಿ, ತಾತ ಹಳೇ ಸೈಕಲ್ ಹತ್ತಿ ಅಂಗಡಿ ಮುಂದೆ ಸುತ್ತು ಹಾಕಿದ. ತಕ್ಷಣ ಅಜ್ಜಿಯ ಗಂಟಲು ತೆರೆದುಕೊಂಡಿತು. "ದಂಟೂ... ಕೀರೇ... ಸಬ್ಸಿಗೇ... ಏಯ್, ಮುಂದ ಗುಂಡಿ ಅದ, ಬ್ರೇಕ್ ಇಡ್ಕಳಿ... ಬೆರಕೆ ಸೊಪ್ಪೋ..."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮತ್ತೊಮ್ಮೆ ಮಾಡೋಣ ಎಂದು ಈರುಳ್ಳಿಯವನು ಬಟನ್ ಮೇಲೆ ಬೆರಳಿಟ್ಟರೆ ತಾತ ಬಿಡಲಿಲ್ಲ. "ಇರ್ಲಿ ಬುಡು. ಅವ್ಳ ಕೂಗೇ ಅಂಗೆ" ಎಂದು ಡಬ್ಬವನ್ನು ಎದೆಗವುಚಿಕೊಂಡ.

ಮಾರನೆಯ ದಿನದಿಂದ ತಾತ ಸೈಕಲ್ ತುಳಿದುಕೊಂಡು ಬೀದಿಗೆ ಬರುತ್ತಿದ್ದ, ಡಬ್ಬ ಹ್ಯಾಂಡಲಿಗೆ ನೇತಾಡುತ್ತ ಕೂಗುತ್ತಿತ್ತು. ಅಜ್ಜಿಯ ದನಿ ಕೇಳಿ ಹೆಂಗಸರು ಆಸೆಯಿಂದ ಹೊರಗೆ ಬಂದರು. ಅಜ್ಜಿಯಿಲ್ಲ, ಡಬ್ಬ ಇದೆ. ಅಜ್ಜಿಯಾದರೆ ಒಂದು ಕಟ್ಟಿನ ಮೇಲೆ ಒಂದು ಹಿಡಿ ಕೊಸರು ಹಾಕುತ್ತಿದ್ದಳು, ಬಾಣಂತಿ ಮಗಳಿಗೆ ಹಾಲು ಬಂತಾ ಎಂದು ಕೇಳುತ್ತಿದ್ದಳು. ಡಬ್ಬ ಎರಡನ್ನೂ ಮಾಡಲಿಲ್ಲ. ಮೆಲ್ಲಗೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ನನಗೆ ಮಾತ್ರ ಆ ಡಬ್ಬದ ಮೇಲೆ ಸಿಟ್ಟು ಬರಲಿಲ್ಲ. ಯಾಕೆಂದರೆ ನಯವಾದ ಸಿಮೆಂಟ್ ರೋಡಿನಲ್ಲಿ, ಗುಂಡಿಯ ಸುಳಿವೇ ಇಲ್ಲದ ಕಡೆ, ಡಬ್ಬ "ಬ್ರೇಕ್ ಇಡ್ಕಳಿ" ಅಂದಾಗಲೆಲ್ಲ ತಾತ ಬ್ರೇಕ್ ಹಿಡಿಯುತ್ತಿದ್ದ.

ಒಡೆಯದ ನಿಂಬೆಹಣ್ಣು

ಯಳಂದೂರಿನಿಂದ ಎಳನೀರು ಮಾರುವವನೊಬ್ಬ ಬಂದು ಸೈಕಲ್ ಆರಿಸಿದ. ಜೊತೆಗೆ ಅವನ ಅತ್ತೆ. ಅಳಿಯ ಮೊಪೆಡ್ ತಗೊಳ್ಳಲಿ ಎಂದು ಅವರ ಆಸೆ, ಪೆಟ್ರೋಲಿನ ಸಹವಾಸ ಬೇಡ ಎಂದು ಅಳಿಯ. ಹೀಗಾಗಿ ಆಯಮ್ಮ ಮುಖ ಗಂಟು ಹಾಕಿಕೊಂಡು ನೇತುಹಾಕಿದ್ದ ಸೈಕಲ್ ಟ್ಯೂಬುಗಳ ಕೆಳಗೆ ಕೂತಿದ್ದರು. ಆಯಮ್ಮ ಒಳ್ಳೆ ಮೈಕಟ್ಟಿನವರು.

ಪೂಜೆಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಕಾರಿಗೆ, ಟ್ರ್ಯಾಕ್ಟರಿಗೆ ಇಡುವವರಿಗೆ ಈ ತೊಂದರೆ ಗೊತ್ತಿಲ್ಲ. ಖಾಲಿ ಸೈಕಲ್ ತಳ್ಳಿದರೆ ಹಣ್ಣು ಒಡೆಯುವುದಿಲ್ಲ, ಪುಸಕ್ಕನೆ ಜಾರಿ ಓಡುತ್ತದೆ. ಅವತ್ತು ಓಡಿದ್ದು ಚರಂಡಿಯ ತನಕ ಹೋಯಿತು. ಇನ್ನೊಂದು ಹಣ್ಣು ಇಟ್ಟೆವು, ಅದು ಎದುರಿನ ಹೋಟೆಲಿನ ಒಳಗೆ ಹೋಗಿ ಉಪ್ಪಿಟ್ಟು ತಿನ್ನುತ್ತಿದ್ದವರ ಕಾಲಿಗೆ ಬಡಿಯಿತು.

ಅತ್ತೆಗೆ ಅಷ್ಟೇ ಸಾಕಾಗಿತ್ತು. "ನೋಡ್ದಾ, ಶಕುನವೇ ಬ್ಯಾಡ ಅಂತದ. ಮೊಪೆಡ್ ಅಂಗಡಿಗ ನಡಿ."

ಅಳಿಯ ಬೆವೆತುಹೋದ. ನಾನು, "ಶಕುನ ಅಲ್ಲ ಅಮ್ಮ, ಭಾರ ಸಾಲ್ದು. ಹಿಂದೆ ಒಬ್ರು ಕೂತ್ರೆ ಒಡೀತದೆ" ಎಂದೆ. ಎಲ್ಲರೂ ಸುಮ್ಮನೆ ಆಯಮ್ಮನ ಕಡೆಗೇ ನೋಡಿದೆವು. ಆಯಮ್ಮ ಗೊಣಗಿಕೊಂಡು ಎದ್ದು ಬಂದು ಕ್ಯಾರಿಯರ್ ಮೇಲೆ ಕೂತರು. ಅಳಿಯ ಅರ್ಧ ಹೆಜ್ಜೆ ತಳ್ಳಿದ್ದನೋ ಇಲ್ಲವೋ, ಫಟ್! ರಸ ಹಾರಿ ನನ್ನ ಸೆರಗಿಗೆ ಬಿತ್ತು.

ಅಳಿಯನ ಕಣ್ಣಲ್ಲಿ ಭಕ್ತಿ ಉಕ್ಕಿತು. "ಅತ್ತೇ, ಇಳೀಬ್ಯಾಡಿ. ಕಾಯಿನೂ ಒಡುದ್ಬುಡಾನ."

ಮೆತ್ತೆ ಪರೀಕ್ಷೆ

ತಾತನ ಸೈಕಲ್ ತಯಾರಾಗಿ ಬಂತು. ಡಬಲ್ ಬಾರ್, ಮುಂದೆ ಬುಟ್ಟಿಗೆ ಕಬ್ಬಿಣದ ತೊಟ್ಟಿಲು, ಕೆಸರು ಸಿಡಿಯದ ಹಾಗೆ ಉದ್ದನೆಯ ಮಡ್‌ಗಾರ್ಡ್, ಚೈನಿಗೆ ಪೂರ್ತಿ ಕವರ್. ಹಿಂದೆ ಜಾಲರಿ, ಕಾಲಿಡುವ ಕಡ್ಡಿ, ಕೆಂಪು ರೆಕ್ಸಿನ್ನಿನ ಮೆತ್ತೆ. ಸುದ್ದಿ ಅಜ್ಜಿಯ ಕಿವಿಗೆ ಹೇಗೋ ಬಿದ್ದಿತ್ತು. ಆಟೋ ಮಾಡಿಸಿಕೊಂಡು ತಾತನನ್ನೂ ಕರೆದುಕೊಂಡು ಬಂದೇಬಿಟ್ಟಳು.

ಸೈಕಲನ್ನೇ ಹಿಡಿದುಕೊಂಡು ಅದರ ಸುತ್ತ ಒಂದು ಸುತ್ತು ಬಂದಳು. ಕಡ್ಡಿಯ ಹತ್ತಿರ ನಿಂತಳು. "ಇದೇನು ಕೂಸೇ?"

ತಾತ ಚಾವಣಿ ನೋಡುತ್ತಿದ್ದ. "ಸೊಪ್ಪಿಗಂತೆ ಅಜ್ಜಿ" ಎಂದೆ ನಾನು.

ಅಜ್ಜಿಯ ಮುಖ ಕೆಂಪಾಯಿತು. ಕೋಪ ಬಂತಾ, ನಾಚಿಕೆಯಾಯಿತಾ, ಹೇಳುವುದಕ್ಕಾಗದು. "ಮದ್ವೆಯಾದ ಒಸದ್ರಲ್ಲಿ ಒಂದಿನಾರ ಕೂರಿಸ್ಕಂಡು ಓಗಿದ್ರಾ ಕೇಳು ಇವ್ರ. ಆಗ ಇವ್ರಪ್ಪಂಗ ಎದರ್ಕಂಡು ನನ್ನ ಇಂದ್ಗಡೆ ನಡುಸ್ಕಂಡು ಓದ್ರು. ಈಗ ಮೊಣಕಾಲು ಓದ್ಮೇಲೆ ಮೆತ್ತೆ ಆಕ್ಸವ್ರೆ! ಮುದ್ಕಿ ಮೂಟೆ ಅಂಗ ಕುಂತ್ಕಂಡು ಓಯ್ತಾ ಅವ್ಳೆ ಅಂತ ಊರೋರು ನಗಾಡಲ್ವಾ? ನಾ ಕೂರಕಿಲ್ಲ. ಸತ್ರೂ ಕೂರಕಿಲ್ಲ."

ತಾತ ಏನೋ ಅಂದ. ಯಾರಿಗೂ ಕೇಳಿಸಲಿಲ್ಲ. ಇಷ್ಟು ಮಾಡಿಸಿದ ಸೈಕಲ್ ಬರೀ ಸೊಪ್ಪು ಹೊರುವುದಾದರೆ ಹಳೆಯದೇ ಏನು ಪಾಪ ಮಾಡಿತ್ತು?

ಅಜ್ಜಿ ಆಟೋ ಕಡೆ ಹೊರಟಳು. ಹೊರಟವಳು ಸೈಕಲ್ ಪಕ್ಕ ಬಂದಾಗ ಯಾರೂ ನೋಡುತ್ತಿಲ್ಲ ಎಂದುಕೊಂಡು ಮೆತ್ತೆಯನ್ನು ಅಂಗೈಯಲ್ಲಿ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಆಟೋದಲ್ಲಿ ಕೂತು ಹೊರಗೆ ತಲೆ ಹಾಕಿ ನನ್ನನ್ನು ಕರೆದಳು.

"ಕೂಸೇ, ಮೆತ್ತೆ ಒಸಿ ದಪ್ಪ ಇರ್ಬೇಕಿತ್ತು ಕಣವ್ವ." ಆಮೇಲೆ ಸೆರಗು ಸರಿಮಾಡಿಕೊಂಡು ಸೇರಿಸಿದಳು: "ಸೊಪ್ಪಿಗ."

ರೈಟ್, ರೈಟ್

ಮೆತ್ತೆಗೆ ಇನ್ನೊಂದು ಪದರ ಹತ್ತಿ ತುಂಬಿಸಿದೆ. ಶುಕ್ರವಾರ ಬೆಳಿಗ್ಗೆ ತಾತ ಸೈಕಲ್ ತಗೊಂಡು ಹೋಗುವುದಕ್ಕೆ ಬಂದ. ಅಜ್ಜಿಯೂ ಬಂದಳು. ಕೂರುವುದಕ್ಕಲ್ಲ, ಪೂಜೆಗೆ. ಹೊಸ ಗಾಡಿಗೆ ಬೇರೆಯವರ ಕೈಲಿ ಆರತಿ ಎತ್ತಿಸುವುದಾ ಎಂದು ಮೊದಲೇ ಹೇಳಿಬಿಟ್ಟಳು. ನನ್ನ ಗಂಡನಿಗೂ ಅವತ್ತು ರಜೆ, ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು.

ಅಜ್ಜಿ ಅರಿಶಿನ ಕುಂಕುಮ ಹಚ್ಚಿ, ಹ್ಯಾಂಡಲಿಗೆ ಹೂವು ಮುಡಿಸಿ, ಆರತಿ ಎತ್ತಿದಳು. ಹಿಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ತಾತ ತಳ್ಳಿದ. ಹಣ್ಣು ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ಅಜ್ಜಿಯ ಮುಖ ಇಳಿದುಹೋಯಿತು. ದಿನವೂ ಲಾರಿ ಬಸ್ಸುಗಳ ಮಧ್ಯೆ ಒಬ್ಬನೇ ಹೋಗುವ ಗಂಡ, ಹೊಸ ಗಾಡಿ, ಒಡೆಯದ ನಿಂಬೆಹಣ್ಣು. ಅವಳ ಕೈ ತಾಳಿಯ ಕಡೆ ಹೋದದ್ದನ್ನು ನಾನು ನೋಡಿದೆ.

"ಭಾರ ಬೇಕು ಅಜ್ಜಿ. ಹಿಂದೆ ಯಾರಾದ್ರೂ ಕೂರಬೇಕು" ಎಂದೆ.

"ನೀನೇ ಕೂತ್ಕ."

"ಬೇರೆಯವ್ರು ಕೂತ್ರೆ ಫಲ ಇಲ್ಲ ಅಜ್ಜಿ. ಗಾಡಿ ಯಾರದೋ ಆ ಮನೆಯವ್ರೇ ಕೂರಬೇಕು. ಶಾಸ್ತ್ರ."

ಈ ಶಾಸ್ತ್ರ ಎಲ್ಲಿದೆ ಎಂದು ದಯವಿಟ್ಟು ಕೇಳಬೇಡಿ. ಅದು ಆ ಗಳಿಗೆಯಲ್ಲಿ, ನನ್ನ ಬಾಯಲ್ಲಿ ಹುಟ್ಟಿದ್ದು.

ಅಜ್ಜಿ ಬೀದಿಯ ಆ ತುದಿ ಈ ತುದಿ ನೋಡಿದಳು. "ಅಣ್ಣು ಒಡಿಯಗಂಟ ಅಷ್ಟೇಯ. ಒಡುದ್ಮೇಲೆ ಇಳಿತೀನಿ" ಎಂದು ನಮಗೆಲ್ಲ ಎಚ್ಚರಿಕೆ ಕೊಟ್ಟಳು. ನಾನು ಕೈ ಹಿಡಿದುಕೊಂಡೆ, ಅಜ್ಜಿ ಮೆತ್ತೆಯ ಮೇಲೆ ಕೂತಳು, ಕಾಲು ತಾನಾಗಿ ಕಡ್ಡಿಯ ಮೇಲೆ ಹೋಯಿತು. ಅಳತೆ ತಗೊಂಡು ಮಾಡಿಸಿದ ಹಾಗಿತ್ತು. ತಾತ ಸೀಟು ಹತ್ತಿ ಪೆಡಲ್ ಮೇಲೆ ಕಾಲಿಟ್ಟ. ನಿಂಬೆಹಣ್ಣು ಫಟ್ಟನೆ ಒಡೆಯಿತು.

"ಆಯ್ತು, ಇಳುಸ್ರಿ" ಅಂದಳು ಅಜ್ಜಿ.

ತಾತ ಏನು ಮಾಡುವುದೆಂದು ತಿಳಿಯದೆ ಹಾಗೇ ನಿಂತ. ಆಗ ಬಾಗಿಲಲ್ಲಿದ್ದ ನನ್ನ ಗಂಡ, ಜನ್ಮಕ್ಕಂಟಿದ ಅಭ್ಯಾಸ ನೋಡಿ, ಹತ್ತುವವರು ಹತ್ತಿ ಕೂತರು ಎಂದು ಕಂಡದ್ದೇ ತಡ, ಬಾಗಿಲನ್ನು ಎರಡು ಸಲ ಬಡಿದು "ರೈಟ್, ರೈಟ್!" ಎಂದು ಕೂಗಿಬಿಟ್ಟರು. ಸೈಕಲ್ ಅಂಗಡಿಗೆ ಅವರಿಂದ ಉಪಕಾರವಾದದ್ದು ಅದೊಂದೇ ಸಲ. ಆ ಉಪಕಾರವನ್ನು ನಾನು ಮರೆಯುವವಳಲ್ಲ. ತಾತ ತುಳಿದೇಬಿಟ್ಟ.

"ಅಯ್ಯೋ, ನಿಲ್ಸಿ! ನಿಲ್ಸಿ ಅಂದ್ರ! ಬ್ರೇಕ್ ಇಡ್ಕಳೀ!" ಅಜ್ಜಿಯ ಕೂಗು ಎದ್ದಿತು. ಡಬ್ಬದ ಅಜ್ಜಿ ಹೇಳಿದಾಗಲೆಲ್ಲ ಬ್ರೇಕ್ ಹಿಡಿದ ಮನುಷ್ಯ, ನಿಜವಾದ ಅಜ್ಜಿ ಹೇಳಿದಾಗ ಹಿಡಿಯಲಿಲ್ಲ. "ಮುಂದ ಗುಂಡಿ ಅದ! ಎಮ್ಮೆ ಅದ! ನೋಡ್ಕಂಡು ಓಗಿ, ಎಲ್ಲಾರೂ ನೋಡ್ತಾವ್ರೆ!" ಗುಂಡಿ ತಪ್ಪಿಸಿದ, ಎಮ್ಮೆ ತಪ್ಪಿಸಿದ, ಬೀದಿ ತುದಿಯಲ್ಲಿ ತಿರುಗಿಕೊಂಡ. ಅಜ್ಜಿಯ ಒಂದು ಕೈ ಬಾಯಿಗೆ ಅಡ್ಡ, ಇನ್ನೊಂದು ಕೈ ತಾತನ ಅಂಗಿಯನ್ನು ಗಟ್ಟಿಯಾಗಿ ಹಿಡಿದಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಓಡಿದೆ. ಓಡುತ್ತಲೇ ಅಳು ಬಂತು, ನಗುವೂ ಬಂತು. ಸೈಕಲ್ ಹೊಡೆಯೋಕೆ ಬರದ ಗಂಡನನ್ನು ಕಟ್ಟಿಕೊಂಡೆನಲ್ಲ ಎಂದು ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಎರಡೂ ಬೀದಿಯ ಬಾಗಿಲುಗಳು ದಡದಡನೆ ತೆರೆದವು. ಎಷ್ಟೋ ದಿನದ ಮೇಲೆ ಆ ದನಿ ಕೇಳಿದ್ದರು, ಡಬ್ಬದ್ದಲ್ಲ, ನಿಜವಾದದ್ದು. ಹೆಂಗಸರು ಮೊರ ಹಿಡಿದು, ಬುಟ್ಟಿ ಹಿಡಿದು, ಒಬ್ಬಳು ಹಿಟ್ಟಿನ ಕೈಯಲ್ಲೇ, ಬೀದಿಗೆ ಬಂದು ಸೈಕಲಿಗೆ ಅಡ್ಡ ನಿಂತರು. ತಾತ ಆಗ ಬ್ರೇಕ್ ಹಿಡಿದ.

ಯಾರೂ ನಗಾಡಲಿಲ್ಲ. ಅಜ್ಜಿ ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದಳು, ಇಳಿಯಲು ಮಾತ್ರ ನೋಡಲಿಲ್ಲ. ಹಿಟ್ಟಿನ ಕೈಯವಳು ಮುಂದೆ ಬಂದು ಮೊರ ಚಾಚಿದಳು. "ಅಂತೂ ಬಂದ್ಯಲ್ಲಜ್ಜಿ! ತಗಿ ತಗಿ, ಏನದ ಇವತ್ತು? ಕೀರೆನಾ, ಬೆರಕೆನಾ?"

ಮುಂದಿನ ಬುಟ್ಟಿ ಖಾಲಿ. ಸೊಪ್ಪು ಇನ್ನೂ ಮನೆಯಲ್ಲೇ ಇತ್ತು. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ತಾತ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಎದೆ ಸೆಟೆಸಿ, ಇಷ್ಟು ವರ್ಷದಲ್ಲಿ ನಾವ್ಯಾರೂ ಕೇಳಿರದ ದನಿಯಲ್ಲಿ, ಎರಡು ಬೀದಿಗೂ ಮುಟ್ಟುವ ಹಾಗೆ ಕೂಗಿದ:

"ಇವತ್ತು ಸೊಪ್ಪಿಲ್ಲ ಕಣ್ರವ್ವಾ! ಇವ್ಳೊಬ್ಳೇ!"